ಒಂದೇ ಮರ, ಎರಡು ನ್ಯಾಯ

ಚೆಟ್ಟಳ್ಳಿಯ ಯಾವುದಾದರೂ ತೋಟಕ್ಕೆ ಹೋಗಿ ನೋಡಿ. ನೆರಳಿನ ಮರ ಒಂದೇ. ಅದರಡಿಯಲ್ಲಿ ಕಾಫಿ ಗಿಡ, ಕಾಂಡದ ಮೇಲೆ ಕರಿಮೆಣಸಿನ ಬಳ್ಳಿ. ಮಣ್ಣು ಒಂದೇ, ಮಳೆಯೂ ಒಂದೇ. ಆದರೆ ಮಾರುಕಟ್ಟೆಯ ಮಾತು ಬಂದಾಗ ಎರಡರ ಬೇಡಿಕೆ ತದ್ವಿರುದ್ಧ.

ಭಾರತದಲ್ಲಿ ಬೆಳೆಯುವ ಕಾಫಿಯ ಬಹುಪಾಲು ಇಟಲಿ, ಜರ್ಮನಿಯಂಥ ದೇಶಗಳಿಗೆ ಹೋಗುತ್ತದೆ. ಹಾಗಾಗಿ ಕಾಫಿಗೆ ಪರದೇಶದ ಬಾಗಿಲು ತೆರೆದಿರಬೇಕು. ಮೆಣಸಿಗೆ ದೊಡ್ಡ ಗಿರಾಕಿ ನಾವೇ. ವಿಯೆಟ್ನಾಮಿನ ಅಗ್ಗದ ಮೆಣಸು ಬಂದರೆ ಬೆಲೆ ಕುಸಿಯುತ್ತದೆ. ಆದ್ದರಿಂದ ಮೆಣಸಿಗೆ ನಮ್ಮ ಬಾಗಿಲು ಮುಚ್ಚಿರಬೇಕು!

ಕಳೆದ ಬಾರಿ ತರಗತಿಯಲ್ಲಿ ಹುಡುಗನೊಬ್ಬ ಕೇಳಿದ: "ಸಾರ್, ಅಮೆರಿಕ ಹಾಕಿದ ಸುಂಕವನ್ನು ನಮ್ಮಪ್ಪ ಕಟ್ಟಬೇಕಾ?" ಒಳ್ಳೆಯ ಪ್ರಶ್ನೆ. ಸುಂಕ ಕಟ್ಟುವವನು ಅಲ್ಲಿಯ ಆಮದುದಾರ. ಆ ಹೊರೆಯನ್ನು ಅವನು ತನ್ನ ಗಿರಾಕಿಯ ಮೇಲೆ ಹೊರಿಸುತ್ತಾನೆ, ಇಲ್ಲವೇ ನಮ್ಮ ಬೆಲೆ ಇಳಿಸೆಂದು ಜಗ್ಗುತ್ತಾನೆ. 2025ರ ಆಗಸ್ಟ್‌ನಲ್ಲಿ ಬ್ರೆಜಿಲ್ ಮತ್ತು ಭಾರತದ ಬಹಳಷ್ಟು ಸರಕುಗಳ ಮೇಲೆ ಅಮೆರಿಕ ಶೇ. 50ರಷ್ಟು ಸುಂಕ ಹೇರಿತು. ಆದರೆ ಹವಾಯಿಯಂಥ ಕೆಲವೆಡೆ ಬಿಟ್ಟರೆ ಆ ದೇಶದಲ್ಲಿ ಕಾಫಿಯೇ ಬೆಳೆಯುವುದಿಲ್ಲ. ಗೋಡೆಯೊಳಗೆ ಕಾಯಬೇಕಾದ ಬೆಳೆಯೇ ಇಲ್ಲದ ಮೇಲೆ ಏರಿದ್ದು ಅವರ ಲೋಟದ ಬೆಲೆ. ನವೆಂಬರ್‌ನಲ್ಲಿ ಅಮೆರಿಕವೇ ಆದೇಶ ತಿದ್ದಿ ಕಾಫಿ, ಚಹಾ, ಬಾಳೆಹಣ್ಣುಗಳಿಗೆ ವಿನಾಯಿತಿ ಕೊಟ್ಟಿತು.

ನಮ್ಮ ಗೋಡೆಯ ಕಥೆಯನ್ನೂ ನೋಡೋಣ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಅಗ್ಗದ ಆಮದನ್ನೇ ನಿಷೇಧಿಸಿತು. ಬೆಳೆಗಾರರು ನಿಟ್ಟುಸಿರು ಬಿಟ್ಟರು. ಆದರೂ ಮರುವರ್ಷ ಇಲ್ಲಿಯ ಬೆಲೆ 500ಕ್ಕಿಂತ ಬಹಳ ಕೆಳಗೇ ಇತ್ತು. ಗೋಡೆ ಕಟ್ಟಿದ ಮಾತ್ರಕ್ಕೆ ಬೆಲೆ ನಿಲ್ಲಲಿಲ್ಲ.

ಹಾಗಾದರೆ ಗೋಡೆಯೇ ಬೇಡವೇ? ಮುರಿದ ಕೈಗೆ ಹಾಕುವ ಪಟ್ಟಿಯನ್ನು ನೆನಪಿಸಿಕೊಳ್ಳಿ. ಮೂಳೆ ಕೂಡುವವರೆಗೆ ಅದು ಬೇಕು. ಬಿಚ್ಚದೇ ಬಿಟ್ಟರೆ ಸ್ನಾಯು ಸೊರಗುತ್ತದೆ. ಎಕರೆಗೆ ವಿಯೆಟ್ನಾಮಿನ ಮೆಣಸಿನ ಇಳುವರಿ ನಮ್ಮದಕ್ಕಿಂತ ಹಲವು ಪಟ್ಟು ಹೆಚ್ಚು. ಗೋಡೆ ಕೊಡುವುದು ಸಮಯವನ್ನು ಮಾತ್ರ. ಆ ಸಮಯದಲ್ಲಿ ಬಳ್ಳಿಯ ಸೊರಗು ರೋಗ ತಡೆಯುವುದು, ಒಳ್ಳೆಯ ತಳಿ ನೆಡುವುದು ನಮ್ಮ ಕೆಲಸ. ಚೆಟ್ಟಳ್ಳಿಯಲ್ಲೇ ಕಾಫಿ ಸಂಶೋಧನಾ ಉಪಕೇಂದ್ರವಿದೆ, ತೋಟಗಾರಿಕಾ ಪ್ರಯೋಗ ಕೇಂದ್ರವೂ ಇದೆ. ಪಾಲಕರೇ, ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ.

ವಿದ್ಯಾರ್ಥಿಗಳೇ, ಈ ವಾರ ಒಂದು ಮನೆಗೆಲಸ. ನಿಮ್ಮ ಅಡುಗೆಮನೆಯ ಹತ್ತು ಸಾಮಾನುಗಳನ್ನು ಪಟ್ಟಿ ಮಾಡಿ. ಯಾವುದಕ್ಕೆ ಬಾಗಿಲು ತೆರೆದಿರಬೇಕು, ಯಾವುದಕ್ಕೆ ಮುಚ್ಚಿರಬೇಕು? ಬೆಳೆಯುವವನ ಉತ್ತರ ಒಂದು ಕಡೆ, ಕೊಳ್ಳುವವನ ಉತ್ತರ ಇನ್ನೊಂದು ಕಡೆ ಬರೆಯಿರಿ. ಎರಡೂ ಕಡೆ ನಿಮ್ಮ ಮನೆಯವರೇ ಇರುವುದು ಗೊತ್ತಾಗುತ್ತದೆ.