ಚಿತ್ರಕಥೆಯಲ್ಲಿ ಹಾರುವ ವನಿತೆಯರು

ವಿದ್ಯಾರ್ಥಿಯ ಕೈಯಲ್ಲಿ ಚಿತ್ರಕಥೆಯ ಪುಸ್ತಕವನ್ನು ಕಂಡೊಡನೆ ಕಾಲಹರಣವೆಂದು ಗದರಿಸುವ ಹಿರಿಯರು ಇಂದಿಗೂ ಇದ್ದಾರೆ. ನಾವು ಆ ಪಕ್ಷದವರಲ್ಲ. ಆದರೆ ಅಂಥ ಪುಸ್ತಕಗಳನ್ನು ಓದುವ ತರುಣರು ಸಂದೇಹಪಡಬೇಕಾದುದನ್ನು ನಂಬಿ, ನಂಬಬೇಕಾದುದನ್ನು ಕಂಡು ನಗುತ್ತಾರೆಂಬುದೇ ನಮ್ಮ ಆಕ್ಷೇಪಣೆ.

2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಅಟಾಮಿಕ್ ರೋಬೋ’ ಮಾಲೆಯ ಒಂದು ಸಾಹಸಕಥೆಯನ್ನು ತೆಗೆದುಕೊಳ್ಳೋಣ. ಅದರ ನಾಯಕ, 1923ರಲ್ಲಿ ನಿಕೋಲಾ ಟೆಸ್ಲಾ ನಿರ್ಮಿಸಿದನೆಂದು ಕಲ್ಪಿಸಲಾದ ಯಂತ್ರಮಾನವ. 1951ರಲ್ಲಿ ಶಾಂತಸಾಗರದ ಮೇಲೆ ಅಪಾಯಕ್ಕೀಡಾದ ಅವನನ್ನು, ಬೆನ್ನಿಗೆ ಜೆಟ್ ಯಂತ್ರವನ್ನು ಬಿಗಿದುಕೊಂಡು ಹಾರುವ ವನಿತೆಯರು ಪಾರುಮಾಡುತ್ತಾರೆ.

ಮೊದಲು ಬೆನ್ನಿನ ಯಂತ್ರವನ್ನೇ ಪರೀಕ್ಷಿಸೋಣ. ಬೆಲ್ ಕಂಪನಿಯವರ ರಾಕೆಟ್ ಯಂತ್ರವನ್ನು ಹೊತ್ತು ಮನುಷ್ಯನೊಬ್ಬನು ಕಟ್ಟಿಲ್ಲದೆ ಹಾರಿದುದು 1961ರ ಏಪ್ರಿಲ್ 20ರಂದು. ಹೈಡ್ರೊಜನ್ ಪೆರಾಕ್ಸೈಡ್ ದ್ರವವು ಬೆಳ್ಳಿಯ ಜಾಲರಿಯನ್ನು ತಾಕಿದಾಗ ಒಡೆದು ಕುದಿಯುಗಿಯೂ ಆಮ್ಲಜನಕವೂ ಆಗುತ್ತದೆ. ಅದು ಕೆಳಗೆ ಚಿಮ್ಮಿದ ಪ್ರತಿಕ್ರಿಯೆಯಿಂದ ಮನುಷ್ಯ ಮೇಲೇಳುತ್ತಾನೆ. ಆದರೆ ಹೊತ್ತ ದ್ರವವೆಲ್ಲ ಸುಮಾರು 20 ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ! ಗಂಟೆಗೆ 50 ಕಿಲೋಮೀಟರಿನ ವೇಗವೆಂದು ಹಿಡಿದರೂ ಕ್ರಮಿಸುವ ದೂರ 280 ಮೀಟರನ್ನು ಮುಟ್ಟದು. ಶಿವಮೊಗ್ಗೆಯಿಂದ ಭದ್ರಾವತಿಗೆ ಹಾರುವ ಮಾತು ಹಾಗಿರಲಿ, 2023ರಲ್ಲಿ ಸೋಗಾನೆಯಲ್ಲಿ ಆರಂಭವಾದ ವಿಮಾನ ನಿಲ್ದಾಣದ 3,200 ಮೀಟರು ಉದ್ದದ ಓಡುದಾರಿಯನ್ನು ದಾಟುವುದಕ್ಕೇ ಹನ್ನೆರಡು ಸಲ ದ್ರವ ತುಂಬಬೇಕು. ಇಂದಿನ ಜೆಟ್ ಎಂಜಿನ್ನಿನ ಬೆನ್ನುಯಂತ್ರಗಳು ಕೆಲವು ನಿಮಿಷ ಹಾರಬಲ್ಲವು, ನಿಜ. 1951ರಲ್ಲಿ ಅವು ಇರಲಿಲ್ಲ.

ಯಂತ್ರಮಾನವನ ಸಂಗತಿಯೂ ಹೀಗೆಯೇ. 2020ರಲ್ಲಿ ಇಸ್ರೋ ಸಂಸ್ಥೆಯು ಬೆಂಗಳೂರಿನಲ್ಲಿ ತೋರಿಸಿದ ‘ವ್ಯೋಮಮಿತ್ರ’ಕ್ಕೆ ಕಾಲುಗಳೇ ಇರಲಿಲ್ಲ. ಅಂದಹಾಗೆ, ಕಥೆಯ ರೋಬೋ ಜನಿಸಿದ 1923ರಲ್ಲಿಯೇ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಲಿನಿಂದ ಕರಗಿಸಿ ಕಬ್ಬಿಣ ತೆಗೆಯಲಾರಂಭಿಸಿದರು. ಅದು ಕಾಗದದ ಮೇಲಿನ ಕಬ್ಬಿಣವಲ್ಲ.

ಇನ್ನುಳಿದದ್ದು ವಿಮಾನ ನಡೆಸುವ ಹೆಂಗಸರು. ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ನಂಬತಕ್ಕದ್ದು ಇದೇ. ಜಕ್ಕೂರಿನಲ್ಲಿ ವಿಮಾನಚಾಲನೆ ಕಲಿತ ಉಷಾ ಸುಂದರಂ ಅವರು, ಕಥೆ ನಡೆಯುವ ಅದೇ 1951ರಲ್ಲಿ, ಪತಿ ವಿ. ಸುಂದರಂ ಅವರೊಡನೆ ಡವ್ ವಿಮಾನವನ್ನು ಇಂಗ್ಲೆಂಡಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದರು. 2016ರಲ್ಲಿ ವಾಯುಸೇನೆಯ ಯುದ್ಧವಿಮಾನ ವಿಭಾಗಕ್ಕೆ ಮೊದಲಿಗೆ ಸೇರಿದ ಮೂವರು ಮಹಿಳೆಯರು ಬೀದರಿನಲ್ಲಿ ಹಾಕ್ ವಿಮಾನಗಳ ಮೇಲೆ ಶಿಕ್ಷಣ ಪಡೆದರು. ಇಷ್ಟಾದರೂ ಶಿವಮೊಗ್ಗೆಯ ಹುಡುಗಿಯೊಬ್ಬಳು ತಾನು ವಿಮಾನ ನಡೆಸುವೆನೆಂದರೆ, ಚಿತ್ರಕಥೆ ಓದಿ ತಲೆ ಕೆಟ್ಟಿದೆಯೆನ್ನುವ ಮನೆಗಳಿಗೆ ಕೊರತೆಯಿಲ್ಲ. ಅದೇ ಮನೆಯ ಹುಡುಗ ಬೆನ್ನುಯಂತ್ರದ ಕನಸು ಕಂಡರೆ ಅದು ವಿಜ್ಞಾನದ ಅಭಿರುಚಿ!

ಕನ್ನಡದ ಚಿತ್ರಕಾರರಲ್ಲಿ ನಮ್ಮ ಬಿನ್ನಹವೊಂದುಂಟು. ಉಷಾ ಸುಂದರಂ ಅವರ ಆ 27 ಗಂಟೆಗಳನ್ನು ಚಿತ್ರಕಥೆಯಾಗಿ ಬರೆಯಿರಿ. ರೋಬೋ ಬೇಕೇಬೇಕೆಂದರೆ ಹಿಂದಿನ ಆಸನದಲ್ಲಿ ಕುಳ್ಳಿರಿಸಿ. ಇಂಧನದ ಲೆಕ್ಕವನ್ನು ಅವನು ನೋಡಿಕೊಳ್ಳಲಿ.