ಆಗಸದಲ್ಲಿ ‘ನೀನಾರು?’ ಎಂಬ ಪ್ರಶ್ನೆ

ಈಚೆಗೆ ಹಾನಗಲ್ಲಿನಿಂದ ಶಿಗ್ಗಾವಿಯನ್ನು ಹಾಯ್ದು ಸವಣೂರಿಗೆ ದಯಮಾಡಿಸಿದ್ದ ಭಕ್ತವೃಂದದೊಡನೆ ನಾವೂ ಇದ್ದೆವು. ದೊಡ್ಡಹುಣಸೆ ಮರಗಳ ಬಳಿ ನಿಂತಾಗ ಬಹು ಎತ್ತರದಲ್ಲಿ ವಿಮಾನವೊಂದು ಬೆಳ್ಳಿಯ ಎಳೆ ಬಿಡುತ್ತ ಸಾಗಿತು. ಹಿರೇಕೆರೂರಿನ ಭಕ್ತರೊಬ್ಬರ ಮಗ, “ಅಜ್ಜಾರ, ಅದು ಮಂದೀದೋ ಮಿಲಿಟರೀದೋ ಕೆಳಗಿನವರಿಗೆ ಹೆಂಗ ಗೊತ್ತಾಗತೈತಿ?” ಎಂದನು. ಅವನಿಗೆ ಹೇಳಿದುದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಪ್ರಾಥಮಿಕ ರಾಡಾರ್ ಬಾವಿಯಲ್ಲಿ ಕೂಗಿದವನಂತೆ. ಮರುದನಿಯಿಂದ ಅಲ್ಲೇನೋ ಇದೆಯೆಂದು ತಿಳಿದೀತೇ ಹೊರತು ಯಾರೆಂದು ತಿಳಿಯದು. ದ್ವಿತೀಯಕ ರಾಡಾರ್ ಬಾಗಿಲು ಬಡಿದವನ ಹೆಸರು ಕೇಳುವ ಮನೆಯೊಡತಿಯಂತೆ. ನೆಲದಿಂದ 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ ಹೊರಡುತ್ತದೆ. ವಿಮಾನದೊಳಗಿನ ಟ್ರಾನ್ಸ್‌ಪಾಂಡರ್ ಎಂಬ ಯಂತ್ರ 1090ರಲ್ಲಿ ಉತ್ತರಿಸುತ್ತದೆ. ನಾಗರಿಕ ವಿಮಾನವು ತನಗೆ ಕೊಟ್ಟ ನಾಲ್ಕಂಕಿಯ ಸಂಕೇತವನ್ನೂ ಹಾರುವ ಎತ್ತರವನ್ನೂ ತಿಳಿಸುತ್ತದೆ. ಅಂಕಿಗಳು ಸೊನ್ನೆಯಿಂದ 7ರವರೆಗೆ ಮಾತ್ರ, ಆದ್ದರಿಂದ ಒಟ್ಟು 4096 ಸಂಕೇತಗಳು. 7700 ಎಂದರೆ ಆಪತ್ತು, 7500 ಎಂದರೆ ಅಪಹರಣ.

ಸೇನಾ ವಿಮಾನಕ್ಕೆ ಈ ಭಾಷೆಯೂ ಬರುತ್ತದೆ, ಮೇಲೆ ಗೂಢಲಿಪಿಯ ಪ್ರಶ್ನೋತ್ತರವೂ ಉಂಟು. ಅದರ ಕೀಲಿ ತನ್ನವರಲ್ಲಿ ಮಾತ್ರ. ಇದನ್ನು ಐ.ಎಫ್.ಎಫ್. ಎನ್ನುವರು. ಬೆಂಗಳೂರಿನ ವಿಜ್ಞಾನಿಗಳು ರೂಪಿಸಿ, 2017ರಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ವಾಯುಪಡೆಗೆ ಒಪ್ಪಿಸಿದ ‘ನೇತ್ರ’ ವಿಮಾನದಲ್ಲಿಯೂ ಈ ವ್ಯವಸ್ಥೆಯಿದೆ.

ಗೂಢಪ್ರಶ್ನೆಗೆ ಸರಿಯುತ್ತರ ಬಂದರೆ ಮಿತ್ರನೆನ್ನಬಹುದು. ಬಾರದಿದ್ದರೆ? ಶತ್ರುವೆನ್ನಲು ಬಾರದು. ಯಂತ್ರ ಕೆಟ್ಟಿರಬಹುದು, ಆರಿಸಿರಬಹುದು. 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡಗಾಮಿನಲ್ಲಿ ನಮ್ಮ ಕ್ಷಿಪಣಿಯೇ ನಮ್ಮ ಎಂ.ಐ.-17 ಹೆಲಿಕಾಪ್ಟರನ್ನು ಕೆಡವಿತು. ಆರು ಯೋಧರೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಮಡಿದರು. ಅದರ ಐ.ಎಫ್.ಎಫ್. ಆರಿಸಲ್ಪಟ್ಟಿತ್ತೆಂದು ವರದಿಯಾಯಿತು, ದೊಡ್ಡ ತಪ್ಪಾಯಿತೆಂದು ವಾಯುಪಡೆಯ ಮುಖ್ಯಸ್ಥರೇ ಅಕ್ಟೋಬರಿನಲ್ಲಿ ಒಪ್ಪಿಕೊಂಡರು.

ಉತ್ತರ ಬಂದೂ ಕೆಟ್ಟದ್ದುಂಟು. 1988ರ ಜುಲೈ 3ರಂದು ಇರಾನಿನ ಪ್ರಯಾಣಿಕ ವಿಮಾನವು ನಾಗರಿಕ ಸಂಕೇತವನ್ನೇ ಹೇಳುತ್ತಿದ್ದಿತು. ಅಮೆರಿಕೆಯ ‘ವಿನ್ಸೆನ್ಸ್’ ನೌಕೆಯವರು ಅದನ್ನು ಯುದ್ಧವಿಮಾನವೆಂದು ಬಗೆದು ಹೊಡೆದರು. 290 ಜನ ಹೋದರು, ಅವರಲ್ಲಿ 66 ಮಕ್ಕಳು. ಬರೆಯುವಾಗಲೂ ನಮ್ಮ ಕೈ ತಡೆಯುತ್ತದೆ.

“ಹಂಗಾದ್ರ ಉತ್ತರ ಬರದಿದ್ರ ಏನ ಮಾಡಬೇಕು?” ಎಂದ ಹುಡುಗ. ದಾರಿ, ವೇಗ, ಎತ್ತರಗಳನ್ನು ನೋಡಬೇಕು. ಮೊದಲೇ ಸಲ್ಲಿಸಿದ ಹಾರಾಟದ ಪಟ್ಟಿಯೊಡನೆ ತಾಳೆ ಹಾಕಬೇಕು. ರೇಡಿಯೊದಲ್ಲಿ ಮತ್ತೆ ಮತ್ತೆ ಕರೆಯಬೇಕು. ವೇಳೆಯಿದ್ದರೆ ತಮ್ಮ ವಿಮಾನವೊಂದನ್ನು ಸಮೀಪಕ್ಕೆ ಕಳುಹಿಸಿ ಕಣ್ಣಿನಿಂದಲೇ ನೋಡಬೇಕು.