ನಿಷ್ಠೆ ಬರೀ ಹುಡುಗರಿಗಾ?

ಕೊಲಂಬಸ್‌ನಲ್ಲಿ ಶನಿವಾರ ಅಂದ್ರೆ ಫುಟ್‌ಬಾಲ್. ಇಲ್ಲಿಗೆ ಬಂದ ಕನ್ನಡದವರೂ ಎರಡು ವರ್ಷದಲ್ಲಿ ಅದಕ್ಕೆ ಬಿದ್ದುಬಿಡ್ತಾರೆ. ಹಾಗೇ ಒಂದು ಶನಿವಾರ ಗೆಳೆಯನ ಮನೆಯಲ್ಲಿ ಬಿಸಿಬೇಳೆಬಾತ್ ತಟ್ಟೆ ಹಿಡ್ಕೊಂಡು ಟೀವಿ ಮುಂದೆ ಕೂತಿದ್ವಿ. ಎದುರಾಳಿ ತಂಡದ ಹುಡುಗನೊಬ್ಬನಿಗೆ ಇದು ಮೂರನೇ ಕಾಲೇಜು ಅಂತ ಕಾಮೆಂಟರಿಯವರು ಹೇಳಿದ್ದೇ ತಡ, ಗೆಳೆಯ ಸಿಡಿದ: "ಮೂರು ಕಾಲೇಜಂತೆ! ನಿಷ್ಠೆ ಅನ್ನೋದೇ ಇಲ್ಲ ಕಣೋ ಈಗಿನ ಹುಡುಗ್ರಿಗೆ. ದುಡ್ಡು ಎಲ್ಲಿ ಜಾಸ್ತಿಯೋ ಅಲ್ಲಿಗೆ."

ಹೇಳಿದವನು ಆರು ವರ್ಷದಲ್ಲಿ ನಾಲ್ಕು ಕಂಪನಿ ಬದಲಾಯಿಸಿದವನು. ಉಳಿದವರೆಲ್ಲ ತಲೆಯಾಡಿಸಿದರು. ಆ ತಲೆಗಳ ಲೆಕ್ಕವೂ ಹೆಚ್ಚೂಕಮ್ಮಿ ಅಷ್ಟೇ.

ನನಗೆ ಸಿಟ್ಟು ಬಂದಿದ್ದು ಅಲ್ಲಿ. ಇಲ್ಲಿನ ಕಾಲೇಜು ಆಟ ಅಂದ್ರೆ ನಮ್ಮ ಇಂಟರ್-ಕಾಲೇಜ್ ಟೂರ್ನಮೆಂಟ್ ಅಲ್ಲ. ನಮ್ಮೂರ ಸ್ಟೇಡಿಯಂನಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರ್ತಾರೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳದ ಸರ್ಕಾರಿ ನೌಕರ ಯಾರು ಅಂತ ನೋಡಿದರೆ ರಾಜ್ಯಪಾಲ ಅಲ್ಲ, ಯಾವುದೋ ಸರ್ಕಾರಿ ಯೂನಿವರ್ಸಿಟಿಯ ಕೋಚ್. ಆಡೋ ಹುಡುಗರಿಗೆ ಸಿಗ್ತಿದ್ದದ್ದು ಫೀಸು, ರೂಮು, ಊಟ. 2021ರ ಜುಲೈ 1ರವರೆಗೆ ತಮ್ಮ ಹೆಸರು, ಮುಖ ಬಳಸಿ ಒಂದು ಜಾಹೀರಾತಿನಿಂದಲೂ ಅವರು ದುಡಿಯೋ ಹಾಗಿರಲಿಲ್ಲ.

ಕಾಲೇಜು ಬಿಡೋದಂತೂ ಇನ್ನೂ ಕಷ್ಟ. ಬೇರೆ ಕಾಲೇಜು ಇವನ ಜೊತೆ ಮಾತಾಡಿ ಸ್ಕಾಲರ್‌ಶಿಪ್ ಕೊಡಬೇಕಾದರೆ ಮೊದಲು ಹಳೇ ಕಾಲೇಜಿನ ಒಪ್ಪಿಗೆ ಬೇಕಿತ್ತು. ಸಿಕ್ಕರೂ ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಒಂದು ವರ್ಷ ಬೆಂಚಿನಲ್ಲಿ ಕೂರೋ ಶಿಕ್ಷೆ. ಆಡಲು ಸಿಗೋದೇ ನಾಲ್ಕು ಸೀಸನ್ ಇರುವಾಗ ಒಂದು ವರ್ಷ ಅಂದ್ರೆ ಎಷ್ಟು ದುಬಾರಿ, ಲೆಕ್ಕ ಹಾಕಿ. 2018ರ ಅಕ್ಟೋಬರ್‌ನಲ್ಲಿ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ 'ಟ್ರಾನ್ಸ್‌ಫರ್ ಪೋರ್ಟಲ್' ತೆರೆಯಿತು; ಒಪ್ಪಿಗೆ ಕೇಳೋದು ಹೋಗಿ, ಹೆಸರು ಹಾಕಿ ಅಂತ ತಿಳಿಸಿದರೆ ಸಾಕು ಅಂತಾಯಿತು. 2021ರಲ್ಲಿ ಒಂದು ಸಲ ಬದಲಾಯಿಸಿದರೆ ಶಿಕ್ಷೆ ಇಲ್ಲ ಅಂದರು. 2023ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ಕೋರ್ಟು ಉಳಿದ ತಡೆಯನ್ನೂ ನಿಲ್ಲಿಸಿತು. ಮುಂದಿನ ಏಪ್ರಿಲ್‌ನಲ್ಲಿ ಎನ್‌ಸಿಎಎ ನಿಯಮವನ್ನೇ ತಿದ್ದಿತು: ಓದಿನಲ್ಲಿ ಪಾಸಾಗ್ತಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು. ಗಮನಿಸಿ, ಇದರಲ್ಲಿ ಹೆಚ್ಚಿನದು ಯಾರೂ ದೊಡ್ಡ ಮನಸ್ಸು ಮಾಡಿ ಕೊಟ್ಟಿದ್ದಲ್ಲ.

ಒಪ್ಪಿಗೆ ಬೇಕು ಅನ್ನೋದು ಓದಿದಾಗೆಲ್ಲ ನನಗೆ ಬೆಂಗಳೂರಿನ ಮೊದಲ ಕೆಲಸ ನೆನಪಾಗುತ್ತೆ. ಎರಡು ವರ್ಷದ ಬಾಂಡ್. ಒರಿಜಿನಲ್ ಮಾರ್ಕ್ಸ್ ಕಾರ್ಡು ಅವರ ಲಾಕರಿನಲ್ಲಿ. ಬಿಡ್ತೀನಿ ಅಂದಾಗ ಮ್ಯಾನೇಜರ್ ಕೂರಿಸಿಕೊಂಡು "ನಾವೆಲ್ಲ ಒಂದು ಫ್ಯಾಮಿಲಿ ಅಲ್ವಾ" ಅಂದರು. ಆಮೇಲೆ ಆ ಫ್ಯಾಮಿಲಿ ರಿಲೀವಿಂಗ್ ಲೆಟರ್ ಕೊಡೋಕೆ ನಾಲ್ಕು ತಿಂಗಳು ಸತಾಯಿಸಿತು. ಅಪ್ಪ ಸಾಲ ಮಾಡಿ ಬಾಂಡ್ ದುಡ್ಡು ಕಟ್ಟಿದ್ದರು. ನಿಷ್ಠೆ ಅನ್ನೋ ಪದ ಕೇಳಿದರೆ ನನಗೆ ಈಗಲೂ ಆ ಲಾಕರ್ ಕಾಣುತ್ತೆ. ಅಂದು ಆ ಕೋಣೆಯಲ್ಲಿ ತಲೆಯಾಡಿಸಿದವರಲ್ಲಿ ಇಂಥ ಕಥೆ ಇಲ್ಲದವರು ಯಾರಿದ್ದರೋ ನಾನು ಕಾಣೆ. ಎಚ್-1ಬಿಯಲ್ಲಿ ಇದ್ದುಕೊಂಡೇ ಇನ್ನೊಂದು ಕಂಪನಿಗೆ ಹೋಗೋ ಅನುಕೂಲವನ್ನೂ 2000ದ ಕಾನೂನು ನಮಗೆ ಕೊಟ್ಟಿದೆ. ಅದನ್ನು ನಾವು ಹಕ್ಕು ಅಂತೀವಿ. ಹತ್ತೊಂಬತ್ತರ ಹುಡುಗ ಮಾಡಿದರೆ ದುರಾಸೆ.

ಕೋಚ್‌ಗಳ ಕಡೆ ನೋಡೋಣ. 2021ರ ನವೆಂಬರ್ ಕೊನೆಯಲ್ಲಿ ಲಿಂಕನ್ ರೈಲಿ ಒಕ್ಲಹೋಮ ಬಿಟ್ಟು ಯುಎಸ್‌ಸಿಗೆ ಹೋದರು. ಬೆನ್ನಲ್ಲೇ ಬ್ರಯನ್ ಕೆಲಿ ನೋಟರ್ ಡೇಮ್ ಬಿಟ್ಟು ಎಲ್‌ಎಸ್‌ಯುಗೆ. ಆಗ ನೋಟರ್ ಡೇಮ್ ಹುಡುಗರಿಗೆ ಪ್ಲೇಆಫ್‌ಗೆ ಹೋಗೋ ಆಸೆ ಇನ್ನೂ ಜೀವಂತ ಇತ್ತು! ಇವರನ್ನು ಯಾರೂ ಒಂದು ವರ್ಷ ಕೂರಿಸಲಿಲ್ಲ. ಜಿಂಬೊ ಫಿಶರ್ ಅವರನ್ನು ಟೆಕ್ಸಾಸ್ ಎ ಆ್ಯಂಡ್ ಎಂ 2023ರಲ್ಲಿ ತೆಗೆದುಹಾಕಿದಾಗ ಒಪ್ಪಂದದ ಪ್ರಕಾರ ಕೊಡಬೇಕಾಗಿ ಬಂದದ್ದು ಏಳೂವರೆ ಕೋಟಿ ಡಾಲರ್‌ಗೂ ಹೆಚ್ಚು. ಕೆಲಸ ಮಾಡದೇ ಇರೋದಕ್ಕೆ. ಹುಡುಗ ಆ ಕೋಚ್‌ನ ಮಾತು ನಂಬಿ ಕಾಲೇಜಿಗೆ ಸೇರಿರ್ತಾನೆ. ಕೋಚ್ ಹೊರಟುಹೋದ ಮೇಲೆ ಇವನು ಯಾರಿಗೆ ನಿಷ್ಠನಾಗಿರಬೇಕು ಮಾರಾಯ್ರೆ, ಜೆರ್ಸಿಯ ಬಣ್ಣಕ್ಕಾ?

ಪೋರ್ಟಲ್‌ನಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳ್ತಿಲ್ಲ. ಹೆಸರು ಹಾಕಿ ಎಲ್ಲೂ ಜಾಗ ಸಿಗದೆ ಇದ್ದ ಸ್ಕಾಲರ್‌ಶಿಪ್ಪೂ ಕಳ್ಕೊಂಡವರಿದ್ದಾರೆ. ಕಾಲೇಜು ಬದಲಾಯಿಸಿದಾಗ ಓದಿದ ಕ್ರೆಡಿಟ್ ಕೆಲವು ಲೆಕ್ಕಕ್ಕೇ ಬರಲ್ಲ, ಡಿಗ್ರಿ ದೂರ ಹೋಗುತ್ತೆ. ಬಾಯಿಮಾತಿನ ವ್ಯವಹಾರ ಬೇರೆ. 2024ರ ಸೆಪ್ಟೆಂಬರ್‌ನಲ್ಲಿ ಯುಎನ್‌ಎಲ್‌ವಿಯ ಮ್ಯಾಥ್ಯೂ ಸ್ಲೂಕ, ತಂಡ ಮೂರಕ್ಕೆ ಮೂರೂ ಗೆದ್ದಿದ್ದಾಗ ಆಟ ನಿಲ್ಲಿಸಿದ. ಒಂದು ಲಕ್ಷ ಡಾಲರ್ ಕೊಡ್ತೀವಿ ಅಂದಿದ್ದರು, ಕೊಡಲಿಲ್ಲ ಅಂತ ಅವನ ಕಡೆಯವರು. ಅಂಥ ಮಾತೇ ಆಗಿಲ್ಲ ಅಂತ ಕಾಲೇಜು. ಬಿಟ್ಟುಹೋದ ಅಂತ ಬೈಯೋಕೆ ಮುಂಚೆ, ಇಷ್ಟು ದುಡ್ಡಿನ ಮಾತು ಕಾಗದದ ಮೇಲೆ ಯಾಕಿರಲಿಲ್ಲ ಅಂತ ಕೇಳೋಣ.

ಯಾಕಂದ್ರೆ ಕಾಗದ ಬಂದರೆ ಇವರು ನೌಕರರು ಅಂತ ಒಪ್ಪಬೇಕಾದೀತು ಅನ್ನೋ ಭಯ. 2024ರ ಮಾರ್ಚ್‌ನಲ್ಲಿ ಡಾರ್ಟ್‌ಮತ್ ಕಾಲೇಜಿನ ಬಾಸ್ಕೆಟ್‌ಬಾಲ್ ಹುಡುಗರು 13-2 ಮತದಲ್ಲಿ ಯೂನಿಯನ್ ಕಟ್ಟೋಣ ಅಂದರು. ಕಾಲೇಜು ಮಾತುಕತೆಗೇ ಕೂರಲಿಲ್ಲ, ವರ್ಷದ ಕೊನೆಗೆ ಅರ್ಜಿ ವಾಪಸಾಯಿತು. ಕಳೆದ 2025ರ ಜೂನ್‌ನ ಕೋರ್ಟ್ ಒಪ್ಪಂದದಿಂದ ಪ್ರತಿ ಕಾಲೇಜು ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಕೊಡಬಹುದು ಅಂತಾಗಿದೆ. ಆದರೂ ನೌಕರರಲ್ಲ, ವಿದ್ಯಾರ್ಥಿಗಳೇ ಅಂತೆ. ಸರಿ ಸ್ವಾಮಿ, ವಿದ್ಯಾರ್ಥಿಗಳೇ ಅಂದುಕೊಳ್ಳೋಣ. ಅದೇ ಸ್ಟೇಡಿಯಂನ ಬ್ಯಾಂಡಿನಲ್ಲಿ ಟ್ರಂಪೆಟ್ ಊದೋ ಹುಡುಗಿ ಕಾಲೇಜು ಬದಲಾಯಿಸಿದರೆ ಯಾವ ಟೀವಿಯವರು ಚರ್ಚೆ ಇಡ್ತಾರೆ? ನೌಕರ ಅನ್ನೋದಾದರೆ ಸಂಬಳ, ಅವಧಿ, ಬಿಡೋ ನಿಯಮ ಎಲ್ಲ ಬರೆದು ಎರಡೂ ಕಡೆ ಸಹಿ ಹಾಕಿ. ವಿದ್ಯಾರ್ಥಿ ಅನ್ನೋದಾದರೆ ಹೋಗೋಕೆ ಬಿಡಿ.

ಮೂರು ಕಾಲೇಜಿನ ಬಗ್ಗೆಯೂ ಒಂದು ಮಾತು. ಕ್ಯಾಮ್ ವಾರ್ಡ್ ಅನ್ನೋ ಹುಡುಗ ಹೈಸ್ಕೂಲು ಮುಗಿಸಿದಾಗ ದೊಡ್ಡ ಕಾಲೇಜುಗಳು ಕಣ್ಣೆತ್ತಿ ನೋಡಲಿಲ್ಲ. ಸ್ಯಾನ್ ಆಂಟೋನಿಯೋದ ಸಣ್ಣ ಕಾಲೇಜಿನಲ್ಲಿ ಆಡಿ, ಅಲ್ಲಿಂದ ವಾಷಿಂಗ್ಟನ್ ಸ್ಟೇಟ್, ಅಲ್ಲಿಂದ ಮಯಾಮಿ. 2025ರ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಅವನೇ.

ಅಂದು ಇಷ್ಟೆಲ್ಲ ಹೇಳೋಕೆ ಯಾರೂ ಬಿಡಲಿಲ್ಲ. ಆದರೆ ಗೆಳೆಯ ಹಾಕ್ಕೊಂಡಿದ್ದ ಕಿತ್ತಳೆ ಜೆರ್ಸಿ ತೋರಿಸಿದೆ. ಬೆಂಗಾಲ್ಸ್ ತಂಡದ 9ನೇ ನಂಬರ್, ಜೋ ಬರೋ. ನಮ್ಮ ಒಹಾಯೋ ಸ್ಟೇಟ್‌ನಲ್ಲಿ ಮೂರು ವರ್ಷ ಕಾದರೂ ಮೊದಲ ಜಾಗ ಸಿಗದೆ 2018ರಲ್ಲಿ ಎಲ್‌ಎಸ್‌ಯುಗೆ ಹೋದವನು. ಮುಂದಿನ ವರ್ಷವೇ 60 ಟಚ್‌ಡೌನ್ ಪಾಸ್, ಹೈಸ್ಮನ್ ಪ್ರಶಸ್ತಿ, ಚಾಂಪಿಯನ್‌ಶಿಪ್.

"ಅವನು ಡಿಗ್ರಿ ಮುಗಿಸ್ಕೊಂಡು ಹೋಗಿದ್ದು, ಅದು ಬೇರೆ ಕಣೋ," ಅಂದ ಗೆಳೆಯ.

"ನೀನು ಬಾಂಡ್ ಮುಗಿಸ್ಕೊಂಡು ಹೋದ್ಯಾ?" ಅಂದೆ.

ಒಳಗಿಂದ ಅವನ ಹೆಂಡ್ತಿ ನಕ್ಕಿದ್ದು ಕೇಳಿಸಿತು.